ಕೆನಡಾಕ್ಕೆ ಮನೆ ನೋಡಲು ಹೋದದ್ದು

ನಾನು ಕೆನಡಾ ದೇಶವನ್ನು ಮೊದಲ ಸಲ ನೋಡಿದ್ದು ದೇವನಹಳ್ಳಿಯ ಹೈಸ್ಕೂಲೊಂದರ ಹಾಲಿನಲ್ಲಿ, ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿ ಕತ್ತಲು ಮಾಡಿದ್ದ ಒಂದು ಭಾನುವಾರದ ಮಧ್ಯಾಹ್ನ. ಪಕ್ಕದಲ್ಲಿ ಅಜ್ಜಿ, ಅಂದರೆ ನನ್ನ ಅಪ್ಪನ ತಾಯಿ, ಕೂತಿದ್ದಳು. ಪೆಟ್ಟಿಗೆಯ ತಳದಿಂದ ತೆಗೆದ ಸೀರೆ ಉಟ್ಟು, ಎಲೆಯಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಿದ್ದ ಅವಳನ್ನು ನೋಡಿದರೆ ಪಂಚಾಯಿತಿ ಮಾಡಲು ಬಂದವಳ ಹಾಗಿದ್ದಳೇ ಹೊರತು ಸಿನಿಮಾ ನೋಡಲು ಬಂದವಳ ಹಾಗಿರಲಿಲ್ಲ. ಅವಳು ಬಂದದ್ದು ಪಂಚಾಯಿತಿಗೇ. ಆ ದೇಶಕ್ಕೆ ನನ್ನನ್ನು ಕೊಡಬಹುದೋ ಬಾರದೋ ಎಂದು ಅವತ್ತು ತೀರ್ಮಾನವಾಗಬೇಕಿತ್ತು.

ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ನನಗೆ ಹತ್ತೊಂಬತ್ತು. ನಲ್ಲೂರಿನ ಹುಣಸೆ ತೋಪು ದಾಟಿ ಒಳಕ್ಕೆ ಹೋದರೆ ಸಿಗುವ ಊರು ನಮ್ಮದು. ರಾಗಿ ಹೊಲ, ಒಂದಿಷ್ಟು ಹಿಪ್ಪುನೇರಳೆ, ಮನೆ ತುಂಬ ಜನ, ನಡುಮನೆಯ ತುಂಬ ರೇಷ್ಮೆಹುಳುವಿನ ತಟ್ಟೆಗಳು. ಎಸ್ಸೆಸ್ಸೆಲ್ಸಿ ಪಾಸು ಮಾಡಿ ಎರಡು ವರ್ಷದಿಂದ ನಾನು ಹುಳುಗಳಿಗೆ ಸೊಪ್ಪು ಹೆಚ್ಚುತ್ತಾ ಕೂತಿದ್ದೆ. ನನ್ನ ಬುದ್ಧಿಯೆಲ್ಲ ಆ ಹುಳುಗಳ ಹೊಟ್ಟೆಗೇ ಹೋಗುತ್ತಿದೆ ಎಂದು ನನಗೆ ಭಯಂಕರ ಸಿಟ್ಟಿತ್ತು.

ಅಂಥ ಹೊತ್ತಿನಲ್ಲಿ ಬಂದ ಸಂಬಂಧ ಅದು. ಹುಡುಗ ಹೊಸಕೋಟೆ ಕಡೆಯವನು. ಬೆಂಗಳೂರಿನಲ್ಲಿ ಲೇತ್ ಕೆಲಸ ಕಲಿತು, ಕೆನಡಾದ ಯಾವುದೋ ಸಣ್ಣ ಪಟ್ಟಣದ ಕಾರ್ಖಾನೆ ಸೇರಿ ಮೂರು ವರ್ಷವಾಗಿತ್ತು. ಆರು ವಾರದ ರಜೆಯ ಮೇಲೆ ಬಂದಿದ್ದ. ನನ್ನನ್ನು ನೋಡಲು ಬಂದ ದಿನ ಅವನ ಕಿವಿಗಳೆರಡೂ ಕೆಂಪಾಗಿದ್ದವು. "ಸೈಕಲ್ ಹೊಡೆಯಕ್ಕೆ ಬರುತ್ತಾ?" ಎಂದು ಕೇಳಿದ. ಬರಲ್ಲ, ಕಲೀತೀನಿ ಎಂದೆ. ಅಲ್ಲಿಗೆ ಇಬ್ಬರಿಗೂ ಒಪ್ಪಿಗೆಯಾಯಿತು. ನಿಜ ಹೇಳಬೇಕೆಂದರೆ ನನಗೆ ಹುಡುಗನಿಗಿಂತ ಅವನ ಊರಿನ ಮೇಲೆಯೇ ಹೆಚ್ಚು ಆಸೆಯಾಗಿತ್ತು. ಅಷ್ಟು ದೂರ ಹೋಗುವುದೆಂದರೆ ಏನು ಎನ್ನುವುದೇ ತಿಳಿಯದ ವಯಸ್ಸು. ದೂರ ಎಂಬ ಮಾತಿಗೇ ಮೈ ಜುಮ್ಮೆನ್ನುತ್ತಿತ್ತು.

ಆದರೆ ನಮ್ಮಲ್ಲಿ ಗಂಡಿನವರು ಬಂದು ಹೆಣ್ಣು ನೋಡಿಕೊಂಡು ಹೋದರೆ ಅರ್ಧ ಕೆಲಸ ಅಷ್ಟೆ. ಆಮೇಲೆ ನಮ್ಮವರು ಹೋಗಿ ಗಂಡಿನ ಮನೆ ನೋಡಿಬರಬೇಕು. ಬೇರೆಯವರ ಮನೆಗಳಲ್ಲಿ ಅದು ಹೆಸರಿಗೊಂದು ಶಾಸ್ತ್ರ. ಹೋಗುವುದು, ಉಣ್ಣುವುದು, ಎಲೆಯಡಿಕೆ ಹಾಕಿಕೊಂಡು ಬರುವುದು. ನಮ್ಮ ಅಜ್ಜಿಯದು ತನಿಖೆ. ನನ್ನ ಇಬ್ಬರು ಸೋದರತ್ತೆಯರ ಮದುವೆಗೆ ಮುಂಚೆ, ಗಂಡಸರು ಹೋಗುವ ಕಡೆಗೆ ತಾನೇ ಹೊರಟುಹೋಗಿದ್ದಳಂತೆ. ಬಾವಿಗೆ ಎಷ್ಟು ಹೆಜ್ಜೆ ಎಂದು ಎಣಿಸಿದ್ದಳು. ಸೌದೆ ಒಟ್ಟಿದ್ದು ಹಸಿಯೋ ಒಣಗಿದ್ದೋ ಎಂದು ಒಂದು ತುಂಡು ಎಳೆದು ನೋಡಿದ್ದಳು. ಉದ್ದನೆಯ ಕೋಲು ಕೇಳಿ ತೆಗೆದುಕೊಂಡು ಕಣಜದೊಳಕ್ಕೆ ತಳ ಮುಟ್ಟುವವರೆಗೂ ಚುಚ್ಚಿದ್ದಳು. ಅದಕ್ಕಿಂತ ಮುಖ್ಯವಾದ ನಿಯಮ ಇನ್ನೊಂದಿತ್ತು: ಮನೆ ಒಪ್ಪಿಗೆಯಾಗುವವರೆಗೆ ಆ ಮನೆಯಲ್ಲಿ ಬಾಯಿಗೆ ಏನೂ ಹಾಕುವ ಹಾಗಿಲ್ಲ. ಒಪ್ಪಿದರೆ ತಾನೇ ಬಾಯಿಬಿಟ್ಟು ಕೇಳಿ ತಿನ್ನುತ್ತಿದ್ದಳು. ಒಪ್ಪದಿದ್ದರೆ ನೀರು ಸಹ ಮುಟ್ಟದೆ ಎದ್ದು ಬರುತ್ತಿದ್ದಳು.

ಈ ಹಟಕ್ಕೆ ಕಾರಣವಿತ್ತು. ಅಜ್ಜಿಗೆ ಒಬ್ಬಳು ತಂಗಿಯಿದ್ದಳು. ಆ ತಂಗಿಗೆ ಮನೆ ನೋಡಲು ಹೋದ ಅವರ ಅಪ್ಪ, ಹೋದ ಕೂಡಲೇ ಗಂಡಿನವರು ಬಡಿಸಿದ್ದನ್ನು ಹೊಟ್ಟೆ ಬಿರಿಯ ಉಂಡರು. ಉಂಡ ಮೇಲೆ ಬೇಡ ಎನ್ನಲು ಅವರಿಗೆ ನಾಲಿಗೆ ಏಳಲಿಲ್ಲ. ಕೊಟ್ಟಿಗೆಯಲ್ಲಿ ಎರಡು ಜೊತೆ ಎತ್ತು ಕಟ್ಟಿತ್ತು, ಕಣಜದ ತುಂಬ ರಾಗಿಯಿತ್ತು. ಮದುವೆಯಾದ ಮೇಲೆ ನೋಡಿದರೆ ಎತ್ತು ಪಕ್ಕದ ಮನೆಯವು. ಕಣಜದಲ್ಲಿ ಮೇಲೊಂದು ಗೇಣು ರಾಗಿ, ಕೆಳಗೆಲ್ಲ ಹೊಟ್ಟು. ಆ ತಂಗಿ ಎರಡನೇ ಹೆರಿಗೆಯಲ್ಲಿ ತೀರಿಕೊಂಡಳು. ಆಗ ಮೈಯಲ್ಲಿ ಕಸುವೇ ಇರಲಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ಅದನ್ನು ಹೇಳುವಾಗ ಅವಳ ಧ್ವನಿ ಯಾವತ್ತೂ ಏರುತ್ತಿರಲಿಲ್ಲ.

ಹೀಗಾಗಿ ಹೊಸಕೋಟೆ ಕಡೆಯ ಹುಡುಗನ ಮನೆಗೂ ಅಜ್ಜಿ ಹೋದಳು, ಬಾವಿಗೆ ಹೆಜ್ಜೆ ಎಣಿಸಿದಳು, ಕಣಜ ಚುಚ್ಚಿದಳು. ಎಲ್ಲ ಚೆನ್ನಾಗಿತ್ತು. ಆದರೂ ನೀರು ಮುಟ್ಟದೆ ಎದ್ದು ಬಂದಳು.

"ಇಲ್ಲಿ ಬಾಳೋದು ಅವನ ಅವ್ವ. ನನ್ನ ಹುಡುಗಿ ಬಾಳೋ ಮನೆ ತೋರ್ಸಿ ಅಂದೆ. ಒಂದು ಫೋಟೋ ಕೊಟ್ರು. ಅದ್ರಲ್ಲಿ ಅವ್ನು ಕಾರಿಗೆ ಒರಗಿಕೊಂಡು ನಿಂತವ್ನೆ. ಕಾರು ಕಾಣ್ತದೆ, ಮನೆ ಎಲ್ಲಿ?"

ನಾನು ಸೊಪ್ಪಿನ ಕುಕ್ಕೆಯನ್ನು ಎತ್ತಿ ಅಂಗಳಕ್ಕೆ ಎಸೆದೆ. ಎರಡು ದಿನ ಅಜ್ಜಿಯ ಜೊತೆ ಮಾತು ಬಿಟ್ಟೆ. "ಒಳ್ಳೇದೇ ಆಯ್ತು, ಮಾತಿಲ್ದಿದ್ರೆ ಸೊಪ್ಪು ಬೇಗ ಹೆಚ್ತೀಯ" ಎಂದಳು. ಸೋಮವಾರ ಬೆಳಿಗ್ಗೆ ಹುಡುಗನ ಭಾವ ಉತ್ತರ ಕೇಳಲು ಬರುವವನಿದ್ದ. ಇಲ್ಲ ಎಂದರೆ ನಮ್ಮ ಪಕ್ಕದ ವಿಜಯಪುರದಲ್ಲಿ ಇನ್ನೊಂದು ಹೆಣ್ಣು ಅವರು ನೋಡಿಟ್ಟುಕೊಂಡಿದ್ದರು, ಅದೇನೂ ಗುಟ್ಟಾಗಿರಲಿಲ್ಲ.

ಆಗ ಕಾಪಾಡಿದ್ದು ನನ್ನ ಸೋದರಮಾವ, ಅಮ್ಮನ ತಮ್ಮ. ದೇವನಹಳ್ಳಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಸಿನಿಮಾ ಎಂದರೆ ಊಟ ಬಿಡುವ ಮನುಷ್ಯ. ಸ್ಕೂಲಿನ ಪ್ರೊಜೆಕ್ಟರ್ ಅವನ ಕೈಯಲ್ಲೇ ಇತ್ತು. ಬೆಂಗಳೂರಿನಲ್ಲಿ ಹೊರದೇಶದ ಸಾಕ್ಷ್ಯಚಿತ್ರಗಳನ್ನು ಪುಕ್ಕಟೆಯಾಗಿ ಎರವಲು ಕೊಡುವ ಕಡೆಗಳಿದ್ದವು. ಅಲ್ಲಿಂದ ತಗಡಿನ ಡಬ್ಬಿಗಳನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು ಮಕ್ಕಳಿಗೆ ತೋರಿಸುತ್ತಿದ್ದ. ಅದರಲ್ಲೂ ಕೆನಡಾದವೆಂದರೆ ಅವನಿಗೆ ಜೀವ.

"ಅತ್ತೆ, ಮನೆ ತಾನೆ ನೋಡ್ಬೇಕು? ಮನೆ ಏನು, ದೇಶಾನೇ ತೋರಿಸ್ತೀನಿ ಬನ್ನಿ," ಎಂದ.

ಅಜ್ಜಿ, "ಮೋಸ ಇಲ್ಲ ತಾನೆ ಮೇಷ್ಟ್ರೇ?" ಎಂದಳು.

ಮನೆ ನೋಡಲು ಹುಡುಗಿಯನ್ನು ಕರೆದುಕೊಂಡು ಹೋಗುವ ಪದ್ಧತಿ ಇಲ್ಲ. ನಾನು ಹಟ ಹಿಡಿದೆ. "ಸರಿ, ನೀನು ಸಿನಿಮಾ ನೋಡಕ್ಕೆ ಬಾ. ಮನೆ ನಾವು ನೋಡ್ತೀವಿ," ಎಂದು ಅಜ್ಜಿ ದಾರಿ ಮಾಡಿಕೊಟ್ಟಳು. ಹುಳುಗಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಕಳಚುವ ನಿದ್ದೆ, ಬಿಟ್ಟು ಎದ್ದು ಹಗಲಿರುಳೂ ಸೊಪ್ಪು ಮೇಯುತ್ತಿದ್ದುದರಿಂದ ಅಮ್ಮ ಮನೆಯಲ್ಲೇ ಉಳಿದಳು. ಅಜ್ಜಿ, ಅಪ್ಪ, ಚಿಕ್ಕಪ್ಪ, ನಾನು, ಇಷ್ಟು ಜನ ಬಸ್ಸು ಹತ್ತಿದೆವು. ಚಿಕ್ಕಪ್ಪ ಹೊಸ ಟವೆಲ್ ಹೆಗಲಿಗೆ ಹಾಕಿಕೊಂಡಿದ್ದ. ಬಸ್ಸಿನಲ್ಲಿ ಯಾರೋ ಎಲ್ಲಿಗೆ ಹೊರಟಿರಿ ಎಂದು ಕೇಳಿದ್ದಕ್ಕೆ ಅಜ್ಜಿ ಸಲೀಸಾಗಿ, "ಮನೆ ನೋಡಕ್ಕೆ," ಎಂದಳು. ಯಾವೂರು ಎಂದರು. "ಕೆನಡಾ," ಎಂದಳು.

ಹಾಲಿನಲ್ಲಿ ಮಾವನ ಹೆಂಡತಿ ಕಾಫಿಯ ಕೂಜ, ಲೋಟಗಳನ್ನಿಟ್ಟುಕೊಂಡು ಕಾದಿದ್ದಳು. "ಈಗ ಬೇಡಮ್ಮ. ನೋಡೋದು ಮುಗೀಲಿ," ಎಂದಳು ಅಜ್ಜಿ. ಅಪ್ಪ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಚಿಕ್ಕಪ್ಪ ಮಾತ್ರ ಅಷ್ಟರಲ್ಲಿ ಒಂದು ಗುಟುಕು ಬಾಯಿಗೆ ಹಾಕಿಕೊಂಡುಬಿಟ್ಟಿದ್ದ. ಅಜ್ಜಿ ನೋಡಿದ ನೋಟಕ್ಕೆ ಅವನು ಅದನ್ನು ನುಂಗಲೂ ಆಗದೆ ಉಗಿಯಲೂ ಆಗದೆ ಕೆನ್ನೆಯುಬ್ಬಿಸಿಕೊಂಡು ಕಿಟಕಿಯ ಕಡೆ ತಿರುಗಿದ. ಇದು ನಮ್ಮ ಮಾವನದೇ ಮನೆಯ ಕಾಫಿ, ಕೆನಡಾದ್ದಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ಅಪ್ಪ ಕಣ್ಣಲ್ಲೇ ಸುಮ್ಮನಿರಿಸಿದ.

ಮೊದಲನೇ ರೀಲು ಗೋಧಿಯ ಹೊಲದ್ದು. ಪರದೆಯ ಮೇಲೆ ಬೆಳಕು ಬಿದ್ದದ್ದೇ ತಡ, ನಾನು ಬೆಂಚಿನ ತುದಿಗೆ ಸರಿದು ಕೂತೆ. ಇಷ್ಟು ಆಕಾಶ ನಾನು ನೋಡಿರಲಿಲ್ಲ. ಕೆಳಗೆ ಒಂದು ಬೆರಳಗಲ ನೆಲ, ಮೇಲೆ ಉಳಿದದ್ದೆಲ್ಲ ಆಕಾಶ. ಮನೆಯಷ್ಟು ದೊಡ್ಡ ಯಂತ್ರಗಳು ಸಾಲಾಗಿ ಬಂದು ಬೆಳೆ ಕತ್ತರಿಸಿಕೊಂಡು ಹೋಗುತ್ತಿದ್ದವು. ಆಮೇಲೊಂದು ಕೊಟ್ಟಿಗೆ, ಅದರ ತುಂಬ ಸಾಲಾಗಿ ಕಟ್ಟಿದ ಹಸುಗಳು. ಹಿನ್ನೆಲೆಯಲ್ಲಿ ಒಬ್ಬ ಗಂಡಸು ಗಂಭೀರವಾದ ದನಿಯಲ್ಲಿ ಇಂಗ್ಲಿಷಿನಲ್ಲಿ ಹೇಳುತ್ತಲೇ ಇದ್ದ.

"ಯಾರು ಅವ್ನು, ಮದುವೆ ದಳ್ಳಾಳೀನಾ?" ಎಂದು ಅಜ್ಜಿ ಕೇಳಿದಳು.

"ಅಲ್ಲ ಅತ್ತೆ, ವಿವರಣೆ ಕೊಡ್ತಿದ್ದಾನೆ."

"ಏನಂತಾನೆ?"

"ನಮ್ಮ ದೇಶ ವಿಶಾಲವಾಗಿದೆ, ನೆಲ ಫಲವತ್ತಾಗಿದೆ, ಜನ ಶ್ರಮಜೀವಿಗಳು ಅಂತ."

"ಮತ್ತೆ ದಳ್ಳಾಳೀನೇ. ಅವನ ಬಾಯಿ ಮುಚ್ಸು. ಹೊಗಳೋನ ಮಾತು ಕೇಳ್ಕೊಂಡು ಮನೆ ನೋಡಬಾರದು."

ಮಾವ ಸದ್ದು ನಿಲ್ಲಿಸಿದ. ಅಲ್ಲಿಂದ ಮುಂದಕ್ಕೆ ಕೆನಡಾ ಮೂಕವಾಯಿತು. ಪ್ರೊಜೆಕ್ಟರಿನ ಕಟಕಟ ಮಾತ್ರ. ಈಗ ಹೇಳುತ್ತೇನೆ, ಆ ಮಾತು ನಿಂತಮೇಲೆಯೇ ನಾವೆಲ್ಲ ಕಣ್ಣುಬಿಟ್ಟು ನೋಡತೊಡಗಿದ್ದು.

ಎರಡನೇ ರೀಲಿನಲ್ಲಿ ಒಂದು ರೈಲು. ಅದು ಹೋಗುತ್ತದೆ, ಹೋಗುತ್ತದೆ, ಹೋಗುತ್ತಲೇ ಇರುತ್ತದೆ. ಕಾಡು, ಕೆರೆ, ಬೆಟ್ಟ, ಮತ್ತೆ ಕಾಡು. ಒಂದು ಸ್ಟೇಷನ್ನಿನಲ್ಲಿ ಒಬ್ಬನೇ ಒಬ್ಬ ಇಳಿದ, ಯಾರೂ ಹತ್ತಲಿಲ್ಲ. ಅಜ್ಜಿ ಉದ್ದಕ್ಕೂ "ಹ್ಞೂಂ" ಎಂದು ಮಾತ್ರ ಹೇಳುತ್ತಿದ್ದಳು. ಆ ಹ್ಞೂಂ ನನಗೆ ಒಳ್ಳೆಯದಾಗಿ ಕೇಳಿಸಲಿಲ್ಲ. ಜನವೇ ಇಲ್ಲದ ಊರಿಗೆ ಅವಳು ನನ್ನನ್ನು ಕಳಿಸಿದಂತೆಯೇ ಎಂದು ಮಾವನ ಮೇಲೆ ಸಿಟ್ಟು ಬಂತು. ತೋರಿಸಲು ಬೇರೆ ರೀಲು ಸಿಗಲಿಲ್ಲವೇ ಈ ಮನುಷ್ಯನಿಗೆ.

ಮೂರನೆಯದು ಚಳಿಗಾಲದ ಒಂದು ಸಣ್ಣ ಪಟ್ಟಣ. ಬೀದಿ, ಮನೆ, ಬೇಲಿ, ಎಲ್ಲ ಬೆಳ್ಳಗೆ. ಸೊಂಟದೆತ್ತರದ ಹಿಮ. ಒಬ್ಬ ಅಂಚೆಯವನು ಚೀಲ ಹೊತ್ತು ಮನೆಯಿಂದ ಮನೆಗೆ ಹೋಗುವುದೇ ಕಥೆ. ಅವನ ಮೂಗಿನ ತುದಿ, ಬಾಯಿಂದ ಬರುವ ಹಬೆ, ಅವನು ಹೆಜ್ಜೆ ಎತ್ತಿಡುವ ರೀತಿ, ನಾನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ನಾನು ಅಲ್ಲಿದ್ದರೆ ಹಾಗೇ ನಡೆಯಬೇಕಲ್ಲ ಎಂದು ಕತ್ತಲಲ್ಲಿ ಕೂತಲ್ಲೇ ಕಾಲು ಎತ್ತಿಟ್ಟು ನೋಡುತ್ತಿದ್ದೆ. ಆಗ ಅಜ್ಜಿ ತಟ್ಟನೆ ಎದ್ದು ನಿಂತಳು. ಪರದೆಯ ಮೇಲೆ ಅವಳ ತುರುಬಿನ ನೆರಳು ಬಿತ್ತು.

"ನಿಲ್ಸು. ಆ ಎಡಗಡೆ ಮೂಲೇಲಿ ಏನದು?"

ಮಾವ ನಿಲ್ಲಿಸುವ ಮೊದಲೇ ಎಲ್ಲವೂ ತಾನಾಗಿ ನಿಂತಿತು. ಕರೆಂಟು ಹೋಗಿತ್ತು.

ಕಿಟಕಿಯ ಕಂಬಳಿಗಳನ್ನು ಸರಿಸಿದೆವು. ಆಗ ಸುಮಾರು ಮೂರೂವರೆ. ಐದು ಗಂಟೆಗೆ ನಮ್ಮ ಬಸ್ಸು, ಅದೇ ಕೊನೆಯದು. ಆ ಒಂದೂವರೆ ಗಂಟೆ ಖಾಲಿ ಬೆಂಚುಗಳ ನಡುವೆ ಕೂತು ನಮ್ಮ ಮನೆಯವರು ಕೆನಡಾದ ಚಿತ್ರಗಳ ಬಗ್ಗೆ ಮಾಡಿದ ಚರ್ಚೆಯಿದೆಯಲ್ಲ, ಅಂಥದ್ದನ್ನು ನಾನು ಮತ್ತೆ ಎಲ್ಲೂ ಕೇಳಲಿಲ್ಲ. ಮುಂದೆ ಅದೇ ದೇಶದಲ್ಲಿ ಓದಿದವರು, ಬರೆದವರು ಮಾತಾಡುವುದನ್ನೂ ಕೇಳಿದ್ದೇನೆ. ಅವರ್ಯಾರೂ ನಮ್ಮ ಚಿಕ್ಕಪ್ಪನಷ್ಟು ಹತ್ತಿರದಿಂದ ಹಸುವಿನ ಕೆಚ್ಚಲು ನೋಡಿದವರಲ್ಲ.

ಮೊದಲು ಬಾಯಿಬಿಟ್ಟದ್ದು ಅಪ್ಪ. ಅವನು ಸಾಮಾನ್ಯವಾಗಿ ಮಾತೇ ಆಡದವನು.

"ಬದು ಇಲ್ಲ. ಅಷ್ಟು ದೊಡ್ಡ ಹೊಲದಲ್ಲಿ ಒಂದು ಬದು ಇಲ್ಲ, ಒಂದು ಗಡಿಕಲ್ಲು ಇಲ್ಲ. ಅಂದ್ರೆ ಅಣ್ಣತಮ್ಮಂದಿರು ಭಾಗ ಮಾಡ್ಕೊಂಡೇ ಇಲ್ಲ. ಒಗ್ಗಟ್ಟಿರೋ ಜನ," ಎಂದ. ಅವನ ದನಿಯಲ್ಲಿ ಎಷ್ಟು ಆಸೆಯಿತ್ತೆಂದರೆ ನನಗೆ ಪಾಪ ಎನಿಸಿತು. ಆಚೆ ವರ್ಷವಷ್ಟೇ ಅವನೂ ದೊಡ್ಡಪ್ಪನೂ ಒಂದು ಮೊಳ ಬದುವಿಗೆ ಕಿತ್ತಾಡಿಕೊಂಡಿದ್ದರು.

"ಭಾಗ ಮಾಡ್ಕೊಳ್ಳೋಕೆ ಜನ ಬೇಕಲ್ಲಣ್ಣ," ಎಂದ ಚಿಕ್ಕಪ್ಪ. "ನಾನು ಹಸ ನೋಡ್ದೆ. ಕೆಚ್ಲು ಬಿಂದಿಗೆ ಗಾತ್ರ ಅದೆ. ಆದ್ರೆ ಸಗಣಿ ಎಲ್ಲಿ? ಅಷ್ಟು ಹಸ ಕಟ್ಟಿ ಒಂದು ತೊಪ್ಪೆ ಕಾಣಲ್ಲ ಅಂದ್ರೆ ನಂಬೋದು ಹೆಂಗೆ?"

ಮಾವನಿಗೆ ಇದೆಲ್ಲ ಹಬ್ಬ. ಎದ್ದು ನಿಂತು ಪಾಠ ಶುರುಮಾಡಿದ. "ನಮ್ಮ ಸಿನಿಮಾದಲ್ಲಿ ಮನುಷ್ಯನ ಮುಖ ಪರದೆ ತುಂಬಾ ಇರುತ್ತೆ. ಬೆಟ್ಟ ಇದ್ರೂ ಅವನು ಹಾಡು ಹೇಳೋದಕ್ಕೆ ಹಿಂದೆ ನಿಂತಿರುತ್ತೆ, ಅಷ್ಟೆ. ಇವರ ಚಿತ್ರದಲ್ಲಿ ನೋಡಿ, ಬೆಟ್ಟ ದೊಡ್ಡದು, ಮನುಷ್ಯ ಇರುವೆ. ಯಾಕೆ? ಅವರಿಗೆ ತಮ್ಮ ನೆಲ ಕಂಡ್ರೆ ಭಯ. ಅಷ್ಟು ದೊಡ್ಡ ದೇಶದಲ್ಲಿ ನಾವು ಇಷ್ಟೇ ಜನ ಇದ್ದೀವಲ್ಲ ಅಂತ. ಅದಕ್ಕೇ ರೈಲು ಹತ್ತಿ, ಕ್ಯಾಮೆರಾ ಹಿಡ್ಕೊಂಡು, ಈ ಕೊನೆಯಿಂದ ಆ ಕೊನೆಗೆ ಎಲ್ಲಾ ನಮ್ಮದೇ ತಾನೆ ಅಂತ ಮತ್ತೆ ಮತ್ತೆ ನೋಡ್ಕೋತಾರೆ."

ಮಾವ ಹೇಳಿದ್ದು ನನಗೆ ಬಹಳ ಹಿಡಿಸಿತು. ನಾನೂ ಸುಮ್ಮನಿರಲಿಲ್ಲ. "ಯಾರೂ ಯಾರನ್ನೂ ನೋಡ್ತಾ ನಿಲ್ಲಲ್ಲ ಅಲ್ಲಿ," ಎಂದೆ. "ಆ ರೈಲಲ್ಲಿ ಒಬ್ಬಳೇ ಹೆಂಗಸು ಕೂತಿದ್ಲು, ಪುಸ್ತಕ ಓದ್ತಿದ್ಲು. ಪಕ್ಕದವನು ತಿರುಗಿ ನೋಡ್ಲಿಲ್ಲ. ಯಾರ ಮಗಳು, ಎಲ್ಲಿಗೆ ಹೋಗ್ತಿದೀಯ, ಜೊತೆಗೆ ಯಾರೂ ಇಲ್ವಾ ಅಂತ ಒಬ್ರೂ ಕೇಳ್ಲಿಲ್ಲ. ನನಗೆ ಅದು ಬೇಕು." ಹೇಳಿದ ಮೇಲೆ ನನಗೇ ಗಾಬರಿಯಾಯಿತು. ಅಪ್ಪ ನೆಲ ನೋಡಿದ.

ಅಜ್ಜಿ ಎಲೆಗೆ ಸುಣ್ಣ ಸವರುತ್ತಿದ್ದವಳು ಹಾಗೇ ಕೈಯಲ್ಲಿಟ್ಟುಕೊಂಡಳು. ಎಲೆಯಡಿಕೆಯನ್ನೂ ಅವಳು ಹಾಕಿಕೊಂಡಿರಲಿಲ್ಲ.

"ಯಾರೂ ಕೇಳಲ್ಲ ಅನ್ನೋದು ಮೈಯಲ್ಲಿ ಕಸುವಿರೋವಾಗ ಚೆನ್ನಾಗಿರ್ತದೆ ಕಣಮ್ಮ," ಎಂದಳು. "ನನ್ನ ತಂಗೀನೂ ಯಾರೂ ಕೇಳ್ಲಿಲ್ಲ. ಪಕ್ಕದ ಮನೆಯೋರು ಎತ್ತು ಕೊಟ್ರು, ಆಮೇಲೆ ಬಾಗ್ಲು ಹಾಕ್ಕೊಂಡ್ರು."

ಆಮೇಲೆ ಮಾವನ ಕಡೆ ತಿರುಗಿದಳು. "ನೋಡಪ್ಪ ಮೇಷ್ಟ್ರೇ, ನೀವೆಲ್ಲ ಅವ್ರು ಏನ್ ತೋರಿಸ್ತಾರೋ ಅದ್ನೇ ನೋಡ್ತಿದೀರ. ಗೋಧಿ ತೋರ್ಸಿದ್ರೆ ಗೋಧಿ, ರೈಲು ತೋರ್ಸಿದ್ರೆ ರೈಲು. ತೋರ್ಸಕ್ಕೆ ಅಂತ ಇಟ್ಟಿದ್ದನ್ನ ನೋಡಬಾರದು. ನಡುಮನೇನ ಎಲ್ರೂ ಗುಡ್ಸಿರ್ತಾರೆ. ನಾನು ಮೊದ್ಲಿಂದ ಮೂಲೆ ನೋಡ್ತಿದೀನಿ. ಆ ಅಂಚೆಯೋನು ಬರ್ತಾನಲ್ಲ, ಅವನ ಹಿಂದೆ, ಎಡಗಡೆ, ಒಬ್ಬ ಮುದುಕ ಮನೆ ಮುಂದೆ ಗುಡಿಸ್ತಿದ್ದ. ಅದು ಅವನ ಮನೇನಾ, ಪಕ್ಕದ ಮನೇನಾ?"

ಮಾವ ತಬ್ಬಿಬ್ಬಾದ. ಆ ರೀಲನ್ನು ಅವನು ಹುಡುಗರಿಗೆ ಮೂರು ಸಲ ತೋರಿಸಿದ್ದ. ಅಂಚೆಯವನ ಹಿಂದೆ ಯಾರೂ ಇಲ್ಲ ಎಂದು ವಾದಿಸಿದ. ಚಿಕ್ಕಪ್ಪ ಅದು ನಾಯಿ ಎಂದ. ಅಪ್ಪನಿಗೆ ಏನೂ ಕಂಡಿರಲಿಲ್ಲ. ನನಗೂ ಕಂಡಿರಲಿಲ್ಲ. ನಾನು ಕಾಲೆತ್ತಿ ಇಡುವುದರಲ್ಲಿ ಮುಳುಗಿದ್ದೆ.

ಅಜ್ಜಿ ಯಾಕೆ ಇದಕ್ಕೆ ಇಷ್ಟು ತಲೆಕೆಡಿಸಿಕೊಂಡಳೆಂದು ತಿಳಿಯಬೇಕಾದರೆ ನಮ್ಮ ಬೀದಿಯ ಒಂದು ವಿಷಯ ಹೇಳಬೇಕು. ನಮ್ಮಲ್ಲಿ ಬೆಳಿಗ್ಗೆ ಎದ್ದು ಪ್ರತಿಯೊಬ್ಬ ಹೆಂಗಸೂ ತನ್ನ ಮನೆಯ ಮುಂದೆ ಗುಡಿಸಿ ಸಗಣಿನೀರು ಹಾಕುತ್ತಾಳೆ. ತನ್ನ ಗೋಡೆ ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಪೊರಕೆಯೂ ನಿಲ್ಲುತ್ತದೆ. ಒಂದು ಕಡ್ಡಿಯಷ್ಟೂ ಆಚೆಗೆ ಹೋಗುವುದಿಲ್ಲ. ಪಕ್ಕದ ಮನೆಯ ಮುಂದೆ ಇನ್ನೊಬ್ಬರು ಗುಡಿಸುವುದು ಆ ಮನೆಯಲ್ಲಿ ಸಾವೋ ಹೆರಿಗೆಯೋ ಆಗಿ ಕೈ ಸಾಗದಿದ್ದಾಗ ಮಾತ್ರ. ಬೀದಿಯಲ್ಲಿ ಯಾರು ಯಾರ ಬಾಗಿಲು ಗುಡಿಸುತ್ತಿದ್ದಾರೆ ಎಂದು ನೋಡಿದರೆ ಊರಿನ ಸುದ್ದಿಯೆಲ್ಲ ತಿಳಿದುಬಿಡುತ್ತಿತ್ತು.

ನಾಲ್ಕೂಮುಕ್ಕಾಲಾದರೂ ಕರೆಂಟು ಬರಲಿಲ್ಲ. ಅಪ್ಪ ಎದ್ದು ಪಂಚೆ ಕೊಡವಿಕೊಂಡ. "ಬಸ್ಸಿಗೆ ಹೊತ್ತಾಯ್ತವ್ವ. ನಾಳೆ ಅವ್ರಿಗೆ ಏನೋ ಒಂದು ಹೇಳೋಣ." ಆ ಏನೋ ಒಂದು ಎಂದರೆ ಇಲ್ಲ ಎಂದೇ ಅರ್ಥ. ನನಗೆ ಅಳು ಒತ್ತರಿಸಿ ಬಂತು. ಅಳುವುದನ್ನು ಬಿಟ್ಟು ಬಾಗಿಲಿಗೆ ಹೋಗಿ ಅಡ್ಡ ನಿಂತೆ.

"ಬಸ್ಸು ಹೋದ್ರೆ ಹೋಗ್ಲಿ. ನಡ್ಕೊಂಡು ಹೋಗೋಣ. ಅಜ್ಜಿ ಕೇಳಿದ್ದನ್ನ ನೋಡಿ ಆಮೇಲೆ ಬೇಡ ಅನ್ನಿ. ನೋಡದೆ ಬೇಡ ಅನ್ಬೇಡಿ."

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಅವಳು ಹೇಳೋದು ನ್ಯಾಯ. ಕೂತ್ಕೊಳ್ರೋ," ಎಂದು ಇಬ್ಬರು ಗಂಡುಮಕ್ಕಳನ್ನೂ ಬೆಂಚಿನ ಮೇಲೆ ಕೂರಿಸಿದಳು. ಬಸ್ಸಿನ ಹಾರನ್ನು ಕೇಳಿಸಿತು, ಆಮೇಲೆ ಅದು ಹೋದದ್ದೂ ಕೇಳಿಸಿತು. ಇನ್ನೂ ಹತ್ತು ನಿಮಿಷ ಕಳೆದ ಮೇಲೆ ಪ್ರೊಜೆಕ್ಟರು ತಾನಾಗಿಯೇ ಕಟಕಟ ಎಂದಿತು.

ಕಂಬಳಿಗಳನ್ನು ಮತ್ತೆ ಎಳೆದೆವು. ಮಾವ ರೀಲನ್ನು ಹಿಂದಕ್ಕೆ ಓಡಿಸಿದ. ಅಂಚೆಯವನು ಬೆನ್ನು ಮುಂದೆ ಮಾಡಿಕೊಂಡು ಹಿಂದಕ್ಕೆ ನಡೆದ, ಕೊಟ್ಟ ಕಾಗದಗಳನ್ನು ಮನೆಮನೆಯಿಂದ ವಾಪಸು ತೆಗೆದುಕೊಂಡ. ಚಿಕ್ಕಪ್ಪ ನಕ್ಕು ನಕ್ಕು ಬೆಂಚು ತಟ್ಟಿದ. ಎಡಗಡೆಯ ಮೂಲೆಯಲ್ಲಿ, ಅಜ್ಜಿ ಹೇಳಿದ ಜಾಗದಲ್ಲೇ, ನೆಲದಿಂದ ಹಿಮ ಎದ್ದೆದ್ದು ಒಂದು ಸಲಿಕೆಯ ಮೇಲೆ ಬಂದು ಕೂರುತ್ತಿತ್ತು. ಸಲಿಕೆಯ ಹಿಂದೆ ಒಬ್ಬ ಮುದುಕನಿದ್ದ.

"ಈಗ ಮುಂದಕ್ಕೆ ಬಿಡು. ನಿಧಾನಕ್ಕೆ."

ಮುಂದೆ ಅಂಚೆಯವನು ದೊಡ್ಡದಾಗಿ ಬರುತ್ತಿದ್ದ. ಈ ಸಲ ನಮ್ಮಲ್ಲಿ ಯಾರೂ ಅವನನ್ನು ನೋಡಲಿಲ್ಲ. ಹಿಂದೆ, ಹೆಬ್ಬೆರಳಿನಷ್ಟು ಎತ್ತರದ ಆ ಮುದುಕ ತನ್ನ ಮನೆಯ ಮುಂದಿನ ಹಿಮ ಎತ್ತಿ ಹಾಕುತ್ತಿದ್ದ. ಬೇಲಿ ಬಂತು. ಸಲಿಕೆ ಹೆಗಲಿಗೇರಿಸಿ ಬೇಲಿ ಬಳಸಿಕೊಂಡು ಪಕ್ಕದ ಮನೆಗೆ ಹೋದ. ಅಲ್ಲಿಯ ಮೆಟ್ಟಿಲ ಮೇಲಿನ ಹಿಮ ಎತ್ತತೊಡಗಿದ. ಬಾಗಿಲು ತೆರೆಯಿತು. ಕೋಲೂರಿಕೊಂಡ ಮುದುಕಿಯೊಬ್ಬಳು ಇಣುಕಿ ನೋಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವನು ತಲೆಯೆತ್ತಲಿಲ್ಲ. ಕೆಲಸ ಮುಗಿಸಿ ಸಲಿಕೆ ಝಾಡಿಸಿ ಹೊರಟುಹೋದ.

ಅಜ್ಜಿ ಮೂರು ಸಲ ಹಾಕಿಸಿ ನೋಡಿದಳು.

"ಆ ಮನೇಲಿ ಸೂತಕವಾ?"

"ಹಾಗೇನೂ ಕಾಣಲ್ಲ ಅತ್ತೆ. ಅವಳಿಗೆ ವಯಸ್ಸಾಗಿದೆ, ಅಷ್ಟೆ."

"ಅವ್ನು ಅವಳಿಗೆ ಏನಾಗ್ಬೇಕು?"

"ಏನೂ ಅಲ್ಲದೆ ಇರಬಹುದು. ಪಕ್ಕದ ಮನೆಯೋನು."

ಅಜ್ಜಿ ತನ್ನಷ್ಟಕ್ಕೆ ಎಂಬಂತೆ ಹೇಳತೊಡಗಿದಳು. "ಅವಳು ನಗಲಿಲ್ಲ, ಕೈ ಮುಗೀಲಿಲ್ಲ. ಅವನೂ ಒಂದು ಮಾತು ಆಡ್ಸಲಿ ಅಂತ ಕಾಯ್ಲಿಲ್ಲ. ತೋರ್ಸಕ್ಕೆ ಅಂತ ಮಾಡಿದ್ರೆ ಮುಂದೆ ತಂದು ನಿಲ್ಲಿಸ್ತಿದ್ರು, ಹಿಂಗೆ ಮೂಲೆಗೆ ಬಿಡ್ತಿರಲಿಲ್ಲ. ಇದು ದಿನಾ ನಡೆಯೋ ಕೆಲಸ. ಚಿತ್ರ ತೆಗೆದೋನಿಗೇ ಗೊತ್ತಿಲ್ಲ ಇದು ಸಿಕ್ಕಿದೆ ಅಂತ."

ಮಾವ ಪ್ರೊಜೆಕ್ಟರಿನ ಪಕ್ಕ ಬಾಯಿ ತೆರೆದುಕೊಂಡೇ ನಿಂತಿದ್ದ. ಪಾಪ, ಅವನ ರೈಲಿನ ಸಿದ್ಧಾಂತವೆಲ್ಲ ಎಲ್ಲಿ ಹೋಯಿತೋ.

ಅಜ್ಜಿ ಮಾವನ ಹೆಂಡತಿಯ ಕಡೆ ತಿರುಗಿದಳು. "ಏನಮ್ಮ, ಆ ಕಾಫಿ ಆರೋಗಿದೆಯಾ? ಇದ್ರೆ ಬಿಸಿ ಮಾಡಿ ತಾ. ಬೆಲ್ಲ ಜಾಸ್ತಿ ಇರ್ಲಿ."

ಆಮೇಲೆ ಚಿಕ್ಕಪ್ಪ, "ನನಗೆ ಎರಡು ಲೋಟ," ಎಂದ. ನಾನು ಎದ್ದು ಕಿಟಕಿಯ ಕಂಬಳಿಗಳನ್ನು ಒಂದೊಂದಾಗಿ ಕಿತ್ತು ಹಾಕಿದೆ. ಬೇರೇನು ಮಾಡಬೇಕೆಂದು ತಿಳಿಯಲಿಲ್ಲ. ಕುಣಿಯಬೇಕು, ಓಡಬೇಕು, ಸೈಕಲ್ ಕಲಿಯಬೇಕು, ಎಲ್ಲ ಒಟ್ಟಿಗೇ ಅನ್ನಿಸುತ್ತಿತ್ತು. ಅಜ್ಜಿ ಕಾಫಿಯನ್ನು ಸೊರ್ ಎಂದು ಸದ್ದು ಮಾಡಿಕೊಂಡು ಕುಡಿದಳು. ನನ್ನ ಮದುವೆ ನಿಶ್ಚಯವಾದದ್ದು ಆ ಸದ್ದಿಗೆ.

ಊರಿಗೆ ನಡೆದೇ ಹೊರಟೆವು. ಗಂಡಸರು ಮುಂದೆ ಬದುವಿನ ಮಾತಾಡಿಕೊಂಡು ಹೋಗುತ್ತಿದ್ದರು. ಅಜ್ಜಿ ನನ್ನ ಕೈ ಹಿಡಿದುಕೊಂಡಳು. ಹುಣಸೆ ತೋಪಿನಲ್ಲಿ ಉಸಿರು ತೆಗೆದುಕೊಳ್ಳಲು ನಿಂತವಳು, "ಮನೆ ಚೆನ್ನಾಗೈತೆ. ದೂರ ಎಷ್ಟು ಅಂತ ಮಾತ್ರ ಕೋಲಲ್ಲಿ ಚುಚ್ಚಿ ನೋಡಕ್ಕೆ ಆಗ್ಲಿಲ್ಲ," ಎಂದಳು. ನಾನು ಅವಳ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡೆ. ಅಲ್ಲಿಯವರೆಗೆ ದೂರ ಎಂಬುದು ನನ್ನದೊಬ್ಬಳದೇ ಎಂದುಕೊಂಡಿದ್ದೆ.

ಆ ರೀಲುಗಳು ಎಷ್ಟು ನಿಜ ಹೇಳಿದವು ಎಂದು ಕೇಳಿದರೆ, ಹೇಳುತ್ತೇನೆ. ಅಪ್ಪನದು ಪೂರ್ತಿ ತಪ್ಪು. ಅಲ್ಲಿಯೂ ಅಣ್ಣತಮ್ಮಂದಿರು ಬದುವಿಲ್ಲದೆಯೇ ಚೆನ್ನಾಗಿ ಜಗಳವಾಡುತ್ತಾರೆ. ಸಗಣಿ ಬೇಕಾದಷ್ಟಿದೆ. ಮಾವ ಹೇಳಿದ ಭಯವನ್ನು ನಾನು ಮೊದಲ ವರ್ಷವೇ ಕಂಡೆ, ಅದು ನನ್ನೊಳಗೇ ಇತ್ತು. ಯಾರೂ ಏನೂ ಕೇಳದಿರುವುದು ಎರಡು ತಿಂಗಳು ಸುಖವಾಗಿತ್ತು. ಮೂರನೇ ತಿಂಗಳಿಗೆ, ಯಾರ ಮಗಳು ನೀನು ಎಂದು ಯಾರಾದರೂ ಕೇಳಲಿ ಎಂದು ಬಸ್ಸಿನಲ್ಲಿ ಮುಖ ಮುಖ ನೋಡುತ್ತಿದ್ದೆ.

ಮೊದಲ ಹಿಮ ಬಿದ್ದ ಬೆಳಿಗ್ಗೆ ಗಂಡ ಕೆಲಸಕ್ಕೆ ಹೋದ ಮೇಲೆ ಸಲಿಕೆ ಹಿಡಿದು ಹೊರಗೆ ಬಂದೆ. ನಮ್ಮ ಮನೆಯ ಮುಂದಿನದನ್ನು ಎತ್ತಿ, ಬೇಲಿ ಬಳಸಿ, ಪಕ್ಕದ ಮನೆಯ ಮೆಟ್ಟಿಲಿಗೂ ಹೋದೆ. ಅಲ್ಲೊಬ್ಬಳು ಒಂಟಿ ಹೆಂಗಸಿದ್ದಳು, ಮಂಡಿನೋವು. ಬಾಗಿಲು ತೆರೆದು ನೋಡಿದಳು, ಹಾಕಿಕೊಂಡಳು. ನನಗೆ ಆದ ಸಂತೋಷಕ್ಕೆ ಆ ಚಳಿಯಲ್ಲಿ ನಿಂತು ಒಬ್ಬಳೇ ನಕ್ಕೆ. ಅವತ್ತೇ ಕೂತು ಅಜ್ಜಿಗೆ ಎಲ್ಲವನ್ನೂ ಬರೆದೆ.

ಉತ್ತರ ಮಾವನ ಅಕ್ಷರದಲ್ಲಿ ಬಂತು. ಆ ರೀಲನ್ನು ಅವನು ಎರವಲು ತಂದಾಗಲೆಲ್ಲ ಅಜ್ಜಿಗೆ ಹೇಳಿ ಕಳಿಸಬೇಕಂತೆ, ಅದು ಅವಳ ಆಜ್ಞೆ. ಬಸ್ಸು ಹತ್ತಿ ಒಬ್ಬಳೇ ಬರುತ್ತಾಳೆ. ಹುಡುಗರ ನಡುವೆ ಕೂತು, ಸಿನಿಮಾ ಶುರುವಾಗುವುದಕ್ಕೆ ಮುಂಚೆಯೇ ಕಾಫಿ ಕೇಳಿ ಕುಡಿಯುತ್ತಾಳೆ. ಯಾಕೆ ಎಂದರೆ, ಈಗ ಅದು ನಮ್ಮ ಹುಡುಗಿ ಮನೆ, ಸಂಕೋಚ ಏನು ಎನ್ನುತ್ತಾಳಂತೆ. ನಿನ್ನ ಕಾಗದವನ್ನು ಅವಳಿಗೆ ಓದಿ ಹೇಳಿದೆ, ಪಕ್ಕದ ಮನೆಯ ಮುಂದೆ ಹಿಮ ಎತ್ತಿ ಹಾಕಿದಳಂತೆ ಎಂದು. ಅದಕ್ಕೆ ಅವಳು ಹೇಳಿದ್ದನ್ನು ಇದ್ದ ಹಾಗೇ ಬರೆಯಬೇಕಂತೆ, ಬರೆಯುತ್ತಿದ್ದೇನೆ ಎಂದು ಮಾವ ಕೆಳಗೆ ಒಂದೇ ಸಾಲು ಬರೆದಿದ್ದ:

"ಗೊತ್ತು ಅಂತ ಬರಿ. ಹೋದ ಭಾನುವಾರ ನೋಡ್ದೆ."